ವ್ಯಾನ್ ನಿಂತಾಗ ಮಾತ್ರ ಕಾಣುತ್ತಿದ್ದ ಪರದೆ: ಒಂದು ಪ್ರಕರಣ ಅಧ್ಯಯನ

ಅಂಗಡಿ, ಕಚೇರಿ, ಕ್ಲಿನಿಕ್‌ಗಳಿಗೆ ಡಿಸ್‌ಪ್ಲೇ ಸ್ಕ್ರೀನ್ ಆರಿಸಿಕೊಡುವುದು ನನ್ನ ಕೆಲಸ. ಎಷ್ಟು ದೊಡ್ಡದು ಬೇಕು, ಎಷ್ಟು ಬೆಳಕಿನದು ಬೇಕು, ಯಾವ ಗೋಡೆಗೆ ಹಾಕಬೇಕು ಅಂತ ಹೇಳುತ್ತೇನೆ. ಈ ಪ್ರಕರಣದಲ್ಲಿ ನಾನು ಹೇಳಿದ್ದೇ ತಪ್ಪಾಯಿತು. ಅದಕ್ಕೇ ಬರೆಯುತ್ತಿದ್ದೇನೆ. ಗ್ರಾಹಕರ ಒಪ್ಪಿಗೆ ಇದೆ. ಹೆಸರು, ಊರು ಹೇಳುವುದಿಲ್ಲ. ಗುರುತು ಸಿಗಬಹುದಾದ ಒಂದೆರಡು ವಿವರ ಬದಲಿಸಿದ್ದೇನೆ, ಅಳತೆಗಳನ್ನು ಮಾತ್ರ ಹಾಗೇ ಬಿಟ್ಟಿದ್ದೇನೆ.

ಹಿನ್ನೆಲೆ

ಕನ್ನಡಕ ಮಾರುವ ಸಂಸ್ಥೆ, ಮೂರು ಶಾಖೆ. ಇದೆಲ್ಲ ನಡೆದದ್ದು ದೊಡ್ಡ ಶಾಖೆಯಲ್ಲಿ. ನೆಲ ಅಂತಸ್ತು, ರಸ್ತೆ ಕಡೆಗೆ ಪೂರ್ತಿ ಗಾಜು, ಉತ್ತರಕ್ಕೆ ಮುಖ. ರಸ್ತೆಯಾಚೆ ನಾಲ್ಕು ಮಹಡಿಯ ಒಂದು ಕಟ್ಟಡ, ಅದಕ್ಕೆ ಬಿಳಿ ಬಣ್ಣ. ಈ ಬಿಳಿ ಬಣ್ಣದ ವಿಷಯ ನಿಮಗೆ ಮೊದಲೇ ಹೇಳಿಬಿಟ್ಟೆ. ನನ್ನ ತಲೆಗೆ ಅದು ಹೊಳೆಯಲು ನಾಲ್ಕು ತಿಂಗಳು ಹಿಡಿಯಿತು.

ನಾನು ಬರುವ ಮೊದಲೇ ಅಲ್ಲಿ ಎರಡು ಟಿವಿ ಇದ್ದವು. ಎರಡೂ 55 ಇಂಚಿನವು, ಮನೆಗೆ ಕೊಳ್ಳುವಂಥವು. ಒಂದು ಗಾಜಿನ ಹಿಂದೆ, ಬೀದಿಗೆ ಮುಖ ಮಾಡಿ ಅಡ್ಡಲಾಗಿ ನಿಂತಿತ್ತು. ಇನ್ನೊಂದನ್ನು ಒಳಗೆ, ಫ್ರೇಮ್ ಹಾಕಿಕೊಂಡು ನೋಡುವ ಕನ್ನಡಿಯ ಪಕ್ಕ ಉದ್ದುದ್ದ ತಿರುಗಿಸಿ ಹಾಕಿದ್ದರು. ಆರಿಸಿದ ಬಗೆ ಸರಳ. ಮಾಲೀಕರ ಮನೆಯಲ್ಲಿ ಅದೇ ಟಿವಿ ಇತ್ತು.

"ಮನೇಲಿ ಎಷ್ಟು ಚೆನ್ನಾಗಿ ಕಾಣುತ್ತೆ ಗೊತ್ತಾ ಸರ್?" ಅಂದರು ಫೋನಿನಲ್ಲಿ. ಅದರಲ್ಲಿ ಸುಳ್ಳೇನಿಲ್ಲ. ಸಂಜೆ ಹೊತ್ತು ಮನೆಯ ಹಾಲ್‌ನಲ್ಲಿ ಬೆಳಕು ನೂರಿನ್ನೂರು ಲಕ್ಸ್ (ಒಂದು ಜಾಗಕ್ಕೆ ಬೀಳುವ ಬೆಳಕಿನ ಅಳತೆ) ಇದ್ದರೆ ಹೆಚ್ಚು. ಹಗಲಲ್ಲಿ ಹೊರಗೆ ನೆರಳಿನಲ್ಲೇ ಸುಮಾರು 10,000 ಲಕ್ಸ್ ಇರುತ್ತದೆ, ನೇರ ಬಿಸಿಲಲ್ಲಿ ಒಂದು ಲಕ್ಷದ ಹತ್ತಿರ. ಟಿವಿ ಅದೇ. ಅದು ನಿಂತ ಜಾಗ ಮಾತ್ರ ಬೇರೆ.

ಸಮಸ್ಯೆ, ಅಥವಾ ಸಮಸ್ಯೆಗಳ ಗಂಟು

ಅವರು ಕರೆದಾಗ ಹೇಳಿದ್ದು ಒಂದೇ ದೂರು: "ಬೀದಿಗೆ ಕಾಣಲ್ಲ." ಹೋಗಿ ಕೂತು ಮಾತಾಡಿದಾಗ ಒಂದೊಂದೇ ಹೊರಬಂದವು.

ಒಳಗಿನ ಟಿವಿಯ ಒಂದು ತುದಿ ಮಬ್ಬಾಗಿತ್ತು. ಅಡ್ಡ ಇಡುವುದಕ್ಕೆ ಮಾಡಿದ ಟಿವಿಯಲ್ಲಿ ಬಿಸಿ ಗಾಳಿ ಹೋಗುವ ಕಿಂಡಿಗಳೂ ಆ ಲೆಕ್ಕದಲ್ಲೇ ಇರುತ್ತವೆ. ಉದ್ದ ತಿರುಗಿಸಿದರೆ ಬಿಸಿ ಹೋಗಿ ಸೇರುವ ಜಾಗ ಬೇರೆಯಾಗುತ್ತದೆ. ಹಾಗೆ ಹಾಕಬಾರದು ಅಂತ ಅದರ ಪುಸ್ತಕದಲ್ಲೇ ಬರೆದಿತ್ತು. ವಾರಂಟಿ ಕೇಳಿದಾಗ ಕಂಪನಿಯವರು ಒಂದೇ ಸಾಲಿನಲ್ಲಿ ಮುಗಿಸಿದ್ದರು: ವ್ಯಾಪಾರದ ಜಾಗದಲ್ಲಿ ಬಳಸಿದ್ದೀರಿ, ಅನ್ವಯಿಸುವುದಿಲ್ಲ. ಇದೂ ಪುಸ್ತಕದಲ್ಲಿತ್ತು. ಟಿವಿಯ ಪುಸ್ತಕವನ್ನು ಯಾರು ಓದುತ್ತಾರೆ ಹೇಳಿ?

ಬೀದಿ ಕಡೆಯ ಟಿವಿಗೆ ಇನ್ನೊಂದು ಚಾಳಿ. ಕರೆಂಟ್ ಹೋಗಿ ಬಂದರೆ ತಾನಾಗಿ ಜಾಹೀರಾತು ಶುರುವಾಗುತ್ತಿರಲಿಲ್ಲ. ಯಾರಾದರೂ ರಿಮೋಟ್ ಹುಡುಕಿ, ಪೆನ್ ಡ್ರೈವ್ ಆರಿಸಿ, ಪ್ಲೇ ಒತ್ತಬೇಕು. ಒಂದು ರಜಾದಿನ ಬೆಳಗಿನಿಂದ ರಾತ್ರಿವರೆಗೆ ಬೀದಿಯವರಿಗೆ ಕಂಡದ್ದು ಒಂದು ಬೂದು ಪೆಟ್ಟಿಗೆ, ಅದರೊಳಗೆ "ಹೊಸ ಸಾಫ್ಟ್‌ವೇರ್ ಲಭ್ಯವಿದೆ. ಈಗಲೇ ಅಪ್‌ಡೇಟ್ ಮಾಡಬೇಕೇ?" ಅನ್ನುವ ಪ್ರಶ್ನೆ. ಮರುದಿನ ಗ್ರಾಹಕರೊಬ್ಬರು ಬಂದು "ಮಾಡಿಬಿಡಿ ಸ್ವಾಮಿ" ಅಂದರಂತೆ.

ನನಗೆ ತುಂಬ ಹಿಡಿಸಿದ್ದು ಮೂರನೆಯದು. ಒಬ್ಬರು ಪೋಲರೈಸ್ಡ್ ತಂಪು ಕನ್ನಡಕ ಹಾಕಿಕೊಂಡು ಕನ್ನಡಿ ಮುಂದೆ ನಿಂತಿದ್ದರು. ಸೇಲ್ಸ್ ಹುಡುಗ ಉತ್ಸಾಹದಲ್ಲಿ "ಈ ಲೆನ್ಸ್ ವಿಷಯ ಆ ಸ್ಕ್ರೀನಲ್ಲಿದೆ ನೋಡಿ ಸರ್" ಅಂದ. ಗ್ರಾಹಕರು ಆ ಕಡೆ ತಿರುಗಿ, "ಯಾವುದು? ಅದು ಆಫ್ ಆಗಿದೆಯಲ್ಲ" ಅಂದರು.

ಆಫ್ ಆಗಿರಲಿಲ್ಲ. ಎಲ್‌ಸಿಡಿಯಿಂದ, ಅಂದರೆ ಈ ಟಿವಿಗಳಲ್ಲಿರುವ ದ್ರವ ಸ್ಫಟಿಕದ ಪರದೆಯಿಂದ, ಹೊರಡುವ ಬೆಳಕು ಒಂದೇ ದಿಕ್ಕಿನಲ್ಲಿ ಕಂಪಿಸುತ್ತದೆ. ಪೋಲರೈಸ್ಡ್ ಕನ್ನಡಕ ಅಡ್ಡ ಕಂಪನವನ್ನು ತಡೆಯುತ್ತದೆ, ನೀರಿನ ಮೇಲಿನ ಝಳಪು ಹೋಗುವುದು ಹಾಗೇ. ಟಿವಿ ಅಡ್ಡ ಇದ್ದಾಗ ದಾಟುತ್ತಿದ್ದ ಬೆಳಕು, ಟಿವಿಯನ್ನು ಉದ್ದ ತಿರುಗಿಸಿದ ಮೇಲೆ ಪೂರ್ತಿ ನಿಂತುಹೋಯಿತು. ಪೋಲರೈಸ್ಡ್ ಕನ್ನಡಕ ಮಾರುವ ಅಂಗಡಿಯಲ್ಲಿ, ಅದೇ ಕನ್ನಡಕದ ಜಾಹೀರಾತು, ಅದನ್ನು ಹಾಕಿಕೊಂಡವರಿಗೇ ಕಾಣುವುದಿಲ್ಲ! ಎರಡು ವರ್ಷದಲ್ಲಿ ಇದನ್ನು ಎಷ್ಟು ಜನ ಗಮನಿಸಿ ಸುಮ್ನೆ ಹೋಗಿರಬಹುದೋ.

ನನ್ನ ಮೊದಲ ಸಲಹೆ

ನಾನು ಜಾಗ ನೋಡಲು ಹೋದದ್ದು ರಾತ್ರಿ ಎಂಟಕ್ಕೆ. ವ್ಯಾಪಾರದ ಹೊತ್ತಿನಲ್ಲಿ ಏಣಿ, ಟೇಪು ಹಿಡಿದುಕೊಂಡು ಓಡಾಡುವುದು ಯಾಕೆ ಅಂತ. ದಿಕ್ಕು ಕೇಳಿದೆ. "ಉತ್ತರ ಸರ್, ಬಿಸಿಲೇ ಬೀಳಲ್ಲ" ಅಂದರು ಮಾಲೀಕರು. ನನಗೂ ಸಮಾಧಾನವಾಯಿತು. ನೇರ ಬಿಸಿಲು ಬೀಳುವ ಗಾಜಿನ ಹಿಂದೆ ಸಾಮಾನ್ಯ ಎಲ್‌ಸಿಡಿ ಇಟ್ಟರೆ ಬೇರೆಯೇ ರಗಳೆ: ಒಳಗಿನ ದ್ರವ 70–80 ಡಿಗ್ರಿ ದಾಟಿದರೆ ಅಲ್ಲಲ್ಲಿ ಕಪ್ಪು ಕಲೆ ಏಳುತ್ತದೆ, ತಣಿದ ಮೇಲೆ ಹೋಗುತ್ತದೆ. ಅದಕ್ಕಂತಲೇ 110 ಡಿಗ್ರಿವರೆಗೆ ತಾಳುವ ಪ್ಯಾನೆಲ್‌ಗಳಿವೆ. ಇಲ್ಲಿ ಆ ತಲೆನೋವಿಲ್ಲ ಅಂದುಕೊಂಡೆ. ಅಷ್ಟು ಸರಿ.

ಒಳಗಿನ ಪರದೆಯ ವಿಷಯದಲ್ಲಿ ತಪ್ಪು ಮಾಡಲಿಲ್ಲ. ಉದ್ದುದ್ದ ಹಾಕಲು ಒಪ್ಪಿಗೆ ಇರುವ, 24 ಗಂಟೆ ಓಡುವ, ಕರೆಂಟ್ ಬಂದ ಕೂಡಲೇ ತಾನೇ ಜಾಹೀರಾತಿಗೆ ಮರಳುವ, ರಿಮೋಟ್ ಲಾಕ್ ಮಾಡಬಹುದಾದ 500 ನಿಟ್ಸ್‌ನ ಕಮರ್ಷಿಯಲ್ ಡಿಸ್‌ಪ್ಲೇ ಅಂತ ಪಟ್ಟಿ ಮಾಡಿದೆವು. ನಿಟ್ಸ್ ಅಂದರೆ ಪರದೆ ಎಷ್ಟು ಬೆಳಗುತ್ತದೆ ಅನ್ನುವ ಅಳತೆ. ಮನೆಯ ಟಿವಿಗಳು ಸಾಮಾನ್ಯವಾಗಿ 250ರಿಂದ 350 ಇರುತ್ತವೆ.

ಪೋಲರೈಸ್ಡ್ ಪರೀಕ್ಷೆಗೆ ಅಂಗಡಿಯ ಮ್ಯಾನೇಜರ್ ಮೇಡಂ ಸ್ಟಾಕಿನಿಂದಲೇ ಒಂದು ಕನ್ನಡಕ ಎತ್ತಿಕೊಂಡು ನನ್ನ ಜೊತೆ ಸಪ್ಲೈಯರ್ ಶೋರೂಮಿಗೆ ಬಂದರು. ಮೂರು ಮಾಡೆಲ್ ಮುಂದೆ ನಿಂತು ತಲೆಯನ್ನು ಎಡಕ್ಕೆ, ಬಲಕ್ಕೆ ವಾಲಿಸಿದರು. ಒಂದು ಉದ್ದ ಇಟ್ಟರೆ ಕಪ್ಪು. ಇನ್ನೊಂದು ಅಡ್ಡ ಇಟ್ಟರೆ ಕಪ್ಪು. ಮೂರನೆಯದು ಹೇಗಿಟ್ಟರೂ ಸ್ವಲ್ಪ ಮಂಕಾಗಿ ಕಂಡಿತು, ಆರಲಿಲ್ಲ. ಅದರ ಮುಂಭಾಗದಲ್ಲಿ ಬೆಳಕಿನ ಕಂಪನವನ್ನು ವೃತ್ತಾಕಾರಕ್ಕೆ ತಿರುಗಿಸುವ ಪದರವಿತ್ತು. ಅದನ್ನೇ ತಂದೆವು. ಅಲ್ಲಿದ್ದ ಸೇಲ್ಸ್‌ನವರಿಗೆ ತಮ್ಮ ಪರದೆಗಳ ಈ ಗುಣವೇ ಗೊತ್ತಿರಲಿಲ್ಲ. ಸ್ಪೆಕ್ ಶೀಟಿನಲ್ಲೂ, ಅಂದರೆ ಪರದೆಯ ವಿವರಗಳ ಹಾಳೆಯಲ್ಲೂ, ಇರಲಿಲ್ಲ.

ಬೀದಿ ಕಡೆಗೆ ನಾನು ಹೇಳಿದ್ದು 700 ನಿಟ್ಸ್. ಹಳೇ ಟಿವಿಯ ಬಿಳಿಯನ್ನು ಮೀಟರಿನಲ್ಲಿ ನೋಡಿದಾಗ 300 ನಿಟ್ಸ್ ಬಂದಿತ್ತು. ಎರಡು ಪಟ್ಟಿಗಿಂತ ಜಾಸ್ತಿ ಆಯಿತಲ್ಲ, ಬಿಸಿಲೂ ಇಲ್ಲ, ಸಾಕು. ಮಾಲೀಕರು 4ಕೆ, ಅಂದರೆ ಫುಲ್ ಎಚ್‌ಡಿಗಿಂತ ನಾಲ್ಕು ಪಟ್ಟು ಚುಕ್ಕಿಗಳಿರುವ ಪರದೆ, ಬೇಕೇ ಬೇಕು ಅಂದರು. ಫುಟ್‌ಪಾತಿನಾಚೆ ಆರು ಮೀಟರ್ ದೂರದಿಂದ ನೋಡುವವರ ಕಣ್ಣು ಬಿಡಿಸಿ ನೋಡಬಲ್ಲ ಚುಕ್ಕಿ ಹೆಚ್ಚುಕಡಿಮೆ 1.7 ಮಿಲಿಮೀಟರ್. 55 ಇಂಚಿನ ಫುಲ್ ಎಚ್‌ಡಿ ಪರದೆಯ ಚುಕ್ಕಿಯೇ 0.63 ಮಿಲಿಮೀಟರ್. ಇನ್ನೂ ಸಣ್ಣದು ಮಾಡಿ ಯಾರಿಗೆ ತೋರಿಸುವುದು? ಆ ವಾದ ನಾನು ಗೆದ್ದೆ. ಗೆದ್ದ ಖುಷಿಯಲ್ಲಿ ಗಾಜಿನ ಕಡೆ ನೋಡಲೇ ಇಲ್ಲ.

ಹಾಕಿದ ಮೇಲೆ

ಹಾಕಿದ್ದು ರಾತ್ರಿ. ಅದ್ಭುತವಾಗಿತ್ತು. ಎಲ್ಲರೂ ರಸ್ತೆಯಾಚೆ ನಿಂತು ಫೋಟೋ ತೆಗೆದುಕೊಂಡರು.

ಮರುದಿನ ಹನ್ನೊಂದಕ್ಕೆ ಮಾಲೀಕರ ಫೋನ್. ಬೈಯಲಿಲ್ಲ. "ಒಂದ್ಸಲ ಬಂದು ನೋಡ್ತೀರಾ ಸರ್?" ಅಷ್ಟೇ. ಬೈದಿದ್ದರೇ ಚೆನ್ನಾಗಿತ್ತು.

ಹೋಗಿ ರಸ್ತೆಯಾಚೆ ನಿಂತೆ. ಪರದೆ ಇರಬೇಕಾದ ಜಾಗದಲ್ಲಿ ಎದುರು ಕಟ್ಟಡದ ಕಿಟಕಿಗಳು, ಅಲ್ಲಿ ಒಣಗಲು ಹಾಕಿದ್ದ ಒಂದು ಹಸಿರು ಬಟ್ಟೆ, ಫುಟ್‌ಪಾತಿನಲ್ಲಿ ನಿಂತ ನಾನು. ಎಲ್ಲದರ ಹಿಂದೆ ಎಲ್ಲೋ ಮಸುಕಾಗಿ ಒಂದು ಕನ್ನಡಕ ತಿರುಗುತ್ತಿತ್ತು. ಹಳೇ ಟಿವಿಗೂ ಇದಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇಲ್ಲ. ಬೆಳಕು ಎರಡು ಪಟ್ಟಾದರೆ ಕಣ್ಣಿಗೆ ಎರಡು ಪಟ್ಟು ಅನ್ನಿಸುವುದಿಲ್ಲ, ಸ್ವಲ್ಪ ಜಾಸ್ತಿ ಅನ್ನಿಸುತ್ತದೆ, ಅದು ನನಗೆ ಗೊತ್ತು. ಆದರೆ ಇಷ್ಟೂ ಇಲ್ಲವೇ?

ಮುಂದಿನ ಕೆಲವು ವಾರ ನಾವು ಮಾಡಿದ್ದು ಚಿಕಿತ್ಸೆ ಅಲ್ಲ, ಗಾಬರಿ. ಇಂಟೀರಿಯರ್‌ನವರು ಗಾಜಿಗೆ ಸನ್ ಫಿಲ್ಮ್ ಅಂಟಿಸಿ ನೋಡೋಣ ಅಂದರು. ಒಂದು ಮೂಲೆಗೆ ತುಂಡು ಅಂಟಿಸಿದೆವು. ಆ ಮೂಲೆ ಪಕ್ಕಾ ಕನ್ನಡಿಯಾಯಿತು. ಅಂಥ ಫಿಲ್ಮ್ ಹೊರಗಿನ ಬೆಳಕನ್ನು ಇನ್ನಷ್ಟು ವಾಪಸ್ ಕಳಿಸುತ್ತದೆ, ಒಳಗಿನ ಪರದೆಯ ಬೆಳಕನ್ನೂ ಹೊರಗೆ ಬಿಡುವುದಿಲ್ಲ. ಎರಡೂ ಕಡೆ ನಷ್ಟ. ಪರದೆಯನ್ನು ಗಾಜಿಗೆ ತಾಗುವಷ್ಟು ಮುಂದೆ ತಂದೆವು. ಉಪಯೋಗವಿಲ್ಲ. ಮೇಲೆ ಒಂದು ಚಾವಣಿ ಎಳೆಸಿದರೆ ಹೇಗೆ ಅಂತ ಮಾಲೀಕರು ಕೇಳಿದರು. ನಾನು ಆಗಲಿ ಅಂದೆ, ಪುಣ್ಯಕ್ಕೆ ಅದು ಮುಂದಕ್ಕೆ ಹೋಗಲಿಲ್ಲ. ಹೋಗಿದ್ದರೆ ಆಕಾಶದ ಪ್ರತಿಬಿಂಬ ತಪ್ಪುತ್ತಿತ್ತು, ಎದುರಿನ ಗೋಡೆಯದ್ದಲ್ಲ.

ವ್ಯಾನ್

ಇದನ್ನು ಬಿಡಿಸಿದ್ದು ನಾನಲ್ಲ, ಮ್ಯಾನೇಜರ್ ಮೇಡಂ. ಅವರು ದಿನಾ ಮಧ್ಯಾಹ್ನ ಊಟಕ್ಕೆ ಹೋಗಿ ರಸ್ತೆಯಾಚೆಯಿಂದ ವಾಪಸ್ ಬರುತ್ತಾರೆ.

"ಸರ್, ಒಂದು ವಿಚಿತ್ರ. ಎದುರು ಬಿಲ್ಡಿಂಗಿಗೆ ಮಧ್ಯಾಹ್ನ ಒಂದು ಕೊರಿಯರ್ ವ್ಯಾನ್ ಬರುತ್ತೆ. ಅದು ನಿಂತಾಗ ನಮ್ಮ ಸ್ಕ್ರೀನ್ ಚೆನ್ನಾಗಿ ಕಾಣುತ್ತೆ."

"ಸ್ಕ್ರೀನ್ ಮುಂದೆ ನಿಲ್ಲುತ್ತಾ ಮೇಡಂ?"

"ಇಲ್ಲ ಸರ್, ಆಚೆ ಕಡೆ. ಅಡ್ಡ ಏನೂ ಬರಲ್ಲ. ಆದ್ರೆ ವ್ಯಾನ್ ಎಷ್ಟು ದೊಡ್ಡದಿದೆಯೋ ಅಷ್ಟೇ ಕಾಣೋದು. ಮೇಲೆ ಮತ್ತೆ ಬೆಳ್ಳಗೆ."

ಮರುದಿನ ಹೋಗಿ ಕಾದೆ. ವ್ಯಾನ್ ಬಂತು. ಕಡು ನೀಲಿ ಬಣ್ಣ, ದೂರಕ್ಕೆ ಕಪ್ಪೇ. ಅದು ಬಂದು ನಿಂತ ಕ್ಷಣ ನಮ್ಮ ಗಾಜಿನ ಮೇಲೆ ವ್ಯಾನಿನ ಆಕಾರದ ಒಂದು ಕಿಟಕಿ ತೆರೆದ ಹಾಗಾಯಿತು. ಅದರೊಳಗೆ ಪರದೆಯ ಕೆಳಗಿನ ಅರ್ಧ, ಅಕ್ಷರ ಸಮೇತ, ಸ್ಪಷ್ಟವಾಗಿ. ಮೇಲಿನ ಅರ್ಧದಲ್ಲಿ ಅದೇ ಬಿಳಿ ಗೋಡೆ.

ಪಕ್ಕದವರ ಹತ್ತಿರ ಒಂದು ಕಪ್ಪು ಕೊಡೆ ಕೇಳಿ ತಂದು, ಪರದೆಯಿಂದ ಎರಡು ಮೀಟರ್ ದೂರ ನಿಂತು, ಕೊಡೆ ಬಿಚ್ಚಿ ನನ್ನ ಬೆನ್ನ ಹಿಂದೆ ಹಿಡಿದೆ. ಕೊಡೆಯಷ್ಟು ಜಾಗದಲ್ಲಿ ಚಿತ್ರ ಎದ್ದು ಬಂತು. ಕೊಡೆ ಮಡಚಿದೆ, ಹೋಯಿತು. ಬೀದಿಯಲ್ಲಿ ಮಳೆಯೂ ಇಲ್ಲ, ಬಿಸಿಲೂ ಇಲ್ಲದ ಕಡೆ ಒಬ್ಬ ಮನುಷ್ಯ ಬೆನ್ನಿಗೆ ಕೊಡೆ ಹಿಡಿದು ನಗುತ್ತ ನಿಂತಿದ್ದ. ಜನ ಏನಂದುಕೊಂಡರೋ.

ನಮ್ಮ ಗಾಜಿಗೆ ವರ್ಷದ ಹೆಚ್ಚಿನ ತಿಂಗಳು ಬಿಸಿಲು ಬೀಳುವುದಿಲ್ಲ, ಸರಿ. ಆದರೆ ನಮಗೆ ಎದುರಾಗಿ ನಿಂತ ಗೋಡೆ ದಕ್ಷಿಣಕ್ಕೆ ಮುಖ ಮಾಡಿದೆ. ವರ್ಷದ ಹೆಚ್ಚಿನ ತಿಂಗಳು ನಡುಹಗಲಿನಲ್ಲಿ ಅದರ ಮೇಲೆ ಪೂರ್ತಿ ಬಿಸಿಲು. ಅಂಗಡಿಗೆ ಯಾವುದು ಅನುಕೂಲ ಅಂದುಕೊಂಡಿದ್ದೆವೋ ಅದೇ ದಿಕ್ಕು ಪರದೆಗೆ ಶತ್ರು.

ಲೆಕ್ಕ

ಮೀಟರ್ ಹಿಡಿದೆ. ಎದುರಿನ ಗೋಡೆ ಸುಮಾರು 12,000 ನಿಟ್ಸ್. ಸಾದಾ ಗಾಜು ಒಂದೊಂದು ಮೈಯಿಂದ ಶೇಕಡಾ 4ರಷ್ಟು ಬೆಳಕನ್ನು ವಾಪಸ್ ಕಳಿಸುತ್ತದೆ. ಎರಡು ಮೈ ಸೇರಿ ಶೇಕಡಾ 8. ಅಂದರೆ ಗಾಜಿನ ಮೇಲೆ ಕೂತ ಪ್ರತಿಬಿಂಬವೇ 960 ನಿಟ್ಸ್. ಗಾಜು ತಾನೂ ಸ್ವಲ್ಪ ಹೀರಿಕೊಳ್ಳುವುದರಿಂದ, ನಮ್ಮ 700 ನಿಟ್ಸ್ ಗಾಜು ದಾಟಿ ಹೊರಗೆ ಬರುವ ಹೊತ್ತಿಗೆ 616 ಆಗುತ್ತದೆ. ಗೋಡೆಯ ಪ್ರತಿಬಿಂಬದ ಜೊತೆ ಸ್ಪರ್ಧೆಗಿಳಿದು ನಾವು ಸೋತಿದ್ದೆವು.

ಬೆಳಗುವ ಭಾಗಕ್ಕೂ ಕಪ್ಪು ಭಾಗಕ್ಕೂ ಇರುವ ಅಂತರ, ಅಂದರೆ ಕಾಂಟ್ರಾಸ್ಟ್ ಲೆಕ್ಕ ಹಾಕಿದೆ. ಪ್ರತಿಬಿಂಬ ಎರಡರ ಮೇಲೂ ಒಂದೇ ಸಮ ಕೂರುತ್ತದೆ. 616ಕ್ಕೆ 960 ಕೂಡಿಸಿ 960ರಿಂದ ಭಾಗಿಸಿದರೆ 1.6. ಹಳೇ ಟಿವಿಯದ್ದು 1.3. ವೆಬ್ ಪುಟದ ಅಕ್ಷರಗಳಿಗೆ ಸಾಮಾನ್ಯವಾಗಿ ಬಳಸುವ ಕನಿಷ್ಠ ಅಳತೆಯಲ್ಲಿ ದೊಡ್ಡ ಅಕ್ಷರಕ್ಕೆ 3, ಸಣ್ಣದಕ್ಕೆ 4.5 ಇರಬೇಕು ಅಂತಿದೆ. ಅದರ ಹತ್ತಿರಕ್ಕೂ ನಾವಿರಲಿಲ್ಲ. ಇದು ಒರಟು ಲೆಕ್ಕ. ಪರದೆಯ ಮೇಲ್ಮೈ ತಾನೇ ವಾಪಸ್ ಕಳಿಸುವ ಬೆಳಕನ್ನು ಸೇರಿಸಿಲ್ಲ. ಸೇರಿಸಿದರೆ ಎಲ್ಲ ಅಂಕಿಗಳೂ ಇನ್ನೊಂದಿಷ್ಟು ಕೆಳಗಿಳಿಯುತ್ತವೆ.

ನಮ್ಮ ಕಸುಬಿನಲ್ಲಿ ಇದಕ್ಕೆ ಸಿದ್ಧ ಉತ್ತರವೊಂದಿದೆ: ಕಿಟಕಿಗೆ 2500 ನಿಟ್ಸ್ ಹಾಕು. ಒಂದು ಡೆಮೊ ಪರದೆ ತರಿಸಿ ವಾರ ಇಟ್ಟುಕೊಂಡೆವು. ಲೆಕ್ಕದಲ್ಲಿ 3.3 ಬರಬೇಕು. ಕಣ್ಣಿಗೂ ಹಾಗೇ ಕಂಡಿತು, ದೊಡ್ಡ ಅಕ್ಷರ ಓದಬಹುದಿತ್ತು. ಆದರೆ ಹಿಂದೆ ಫ್ಯಾನ್ ಸದ್ದು. ಕಣ್ಣು ಪರೀಕ್ಷೆ ಕೋಣೆ ಅಲ್ಲೇ ಪಕ್ಕ. ಹಿಂಭಾಗಕ್ಕೆ ಕೈ ಇಟ್ಟರೆ ಬಿಸಿ. ಪೂರ್ತಿ ಬೆಳಕಿನಲ್ಲಿ ಸುಮಾರು 320 ವ್ಯಾಟ್ ಎಳೆಯುತ್ತಿತ್ತು, 700ರದ್ದು 150ರ ಆಸುಪಾಸು. ಬೆಳಕು ಅಳೆದು ತಾನಾಗಿ ಮಂಕಾಗುವ ಸೆನ್ಸರ್ ಇತ್ತು, ಆದರೆ ಮೊದಲ ಸಂಜೆ ಅದನ್ನು ಆನ್ ಮಾಡುವುದು ಮರೆತುಹೋಗಿ, ಎದುರು ಕಟ್ಟಡದ ಮೊದಲ ಮಹಡಿಯವರು ಪರದೆ ಎಳೆದುಕೊಂಡರು. ಬಟ್ಟೆಯ ಪರದೆ.

ಆದರೂ ಅದನ್ನೇ ತರಿಸೋಣ ಅಂತ ನಾನು ಕೊಟೇಶನ್ ಕೊಟ್ಟಿದ್ದೆ. ಮಾಲೀಕರು ನನ್ನ ಲೆಕ್ಕದ ಹಾಳೆ ಹಿಡಿದುಕೊಂಡು ಬಹಳ ಹೊತ್ತು ನೋಡಿದರು.

"ಈ ಶೇಕಡಾ 8 ನನಗೆ ಗೊತ್ತು. ನಮ್ಮ ಲೆನ್ಸ್ ಬ್ರೋಶರ್‌ನಲ್ಲೂ ಇದೇ ಇದೆ. ಕೋಟಿಂಗ್ ಇಲ್ಲದ ಲೆನ್ಸ್ ಇಷ್ಟು ರಿಫ್ಲೆಕ್ಟ್ ಮಾಡುತ್ತೆ, ಅದಕ್ಕೆ ಆ್ಯಂಟಿ ಗ್ಲೇರ್ ಹಾಕಿಸಿಕೊಳ್ಳಿ ಅಂತ ದಿನಾ ಹೇಳ್ತೀವಿ. ಈ ಗಾಜಿಗೂ ಅದನ್ನೇ ಮಾಡಿದ್ರೆ?"

ನಾನು ಒಂದು ಕ್ಷಣ ಸುಮ್ಮನಾದೆ. ಅಂಥ ಗಾಜು ಇದೆ, ಅಂಗಡಿ ಮುಂಭಾಗಕ್ಕೆ, ಮ್ಯೂಸಿಯಂ ಪೆಟ್ಟಿಗೆಗಳಿಗೆ ಬಳಸುತ್ತಾರೆ ಅಂತ ನನಗೂ ಗೊತ್ತಿತ್ತು. ಆದರೆ ನನ್ನ ಕೆಲಸ ಪರದೆ. ಗಾಜು ಇನ್ನೊಬ್ಬರ ಕೆಲಸ. ಆ ಗೆರೆಯ ಆಚೆ ಯೋಚಿಸಿರಲಿಲ್ಲ.

ಕೂತು ಲೆಕ್ಕ ಹಾಕಿದೆವು. ಎರಡೂ ಬದಿ ಕೋಟಿಂಗ್ ಇದ್ದರೆ ವಾಪಸ್ ಬರುವ ಬೆಳಕು ಶೇಕಡಾ 1ರಿಂದ 2. ನಡುವೆ 1.5 ಅಂತಿಟ್ಟುಕೊಂಡರೆ ಗೋಡೆಯ ಪ್ರತಿಬಿಂಬ 180 ನಿಟ್ಸ್‌ಗೆ ಇಳಿಯುತ್ತದೆ. ಪರದೆಯ ಬೆಳಕೂ ಮೊದಲಿಗಿಂತ ಹೆಚ್ಚು ದಾಟುತ್ತದೆ. ಆಗಲೇ ಕೊಂಡಿದ್ದ 700 ನಿಟ್ಸ್ ಪರದೆಗೇ ಕಾಂಟ್ರಾಸ್ಟ್ 4.7. ಹೊಸ 2500ರ ಪರದೆ ಹಳೇ ಗಾಜಿನ ಹಿಂದೆ ಕೊಡುವುದಕ್ಕಿಂತ ಜಾಸ್ತಿ!

ಏನಾಯಿತು

ಮುಂಭಾಗದ ಪೂರ್ತಿ ಗಾಜು ಬದಲಿಸಲಿಲ್ಲ. ಪರದೆ ಎದುರಿನ ಒಂದೇ ಹಲಗೆ. ಸೇಫ್ಟಿಗೆ ಲ್ಯಾಮಿನೇಟೆಡ್ ಗಾಜೇ (ಒಡೆದರೂ ಚೂರುಗಳು ಅಂಟಿಕೊಂಡೇ ಇರುವಂಥದ್ದು) ಬೇಕಿತ್ತು, ಅಳತೆ ಕೊಟ್ಟು ಮಾಡಿಸಬೇಕಿತ್ತು, ಬರಲು ಎರಡು ತಿಂಗಳು ಹಿಡಿಯಿತು.

ಆ ಎರಡು ತಿಂಗಳಲ್ಲಿ ಖರ್ಚಿಲ್ಲದ ಒಂದು ಕೆಲಸ ಮಾಡಿದೆವು. ಅವರ ಜಾಹೀರಾತು ಕಪ್ಪು ಹಿನ್ನೆಲೆಯ ಮೇಲೆ ಬಂಗಾರದ ಬಣ್ಣದ ಸಣ್ಣ ಅಕ್ಷರ. ಕಂಪ್ಯೂಟರಿನಲ್ಲಿ ನೋಡಲು ಶ್ರೀಮಂತವಾಗಿತ್ತು. ಗಾಜಿನ ಹಿಂದೆ ಕಪ್ಪು ಅಂದರೆ ಕನ್ನಡಿ. ಎಷ್ಟು ಕಪ್ಪೋ ಅಷ್ಟು ಎದುರಿನ ಗೋಡೆ ಕಾಣುತ್ತದೆ. ಹಗಲಿಗೆ ತಿಳಿ ಹಿನ್ನೆಲೆಯದ್ದು, ಸಂಜೆ ಆರರ ನಂತರ ಕಪ್ಪಿನದು ಅಂತ ವೇಳಾಪಟ್ಟಿ ಹಾಕಿದೆವು. ಅಕ್ಷರದ ಗಾತ್ರಕ್ಕೆ ನಾನು ಬಳಸುವುದು ಹಳೇ ಲೆಕ್ಕ: ಮೂರು ಮೀಟರ್ ದೂರಕ್ಕೆ 25 ಮಿಲಿಮೀಟರ್ ಎತ್ತರ. ಆರು ಮೀಟರಿಗೆ 50. ಅಡ್ಡ ಇಟ್ಟ 55 ಇಂಚಿನ ಪರದೆಯ ಎತ್ತರವೇ 680 ಮಿಲಿಮೀಟರ್. ಸಾಲುಗಳ ನಡುವಿನ ಜಾಗ ಬಿಟ್ಟರೆ ಏಳೆಂಟು ಸಾಲು ಹಿಡಿದರೆ ಹೆಚ್ಚು. ಅವರ ಸ್ಲೈಡಿನಲ್ಲಿ 14 ಸಾಲು ಇತ್ತು. ಡಿಸೈನ್ ಮಾಡುವ ಹುಡುಗಿಯನ್ನು ರಸ್ತೆಯಾಚೆ ಕರೆದುಕೊಂಡು ಹೋಗಿ ನಿಲ್ಲಿಸಿದೆವು. ಅವಳು ಫೋನ್ ತೆಗೆದು ಅಲ್ಲೇ ನಾಲ್ಕು ಸಾಲು ಅಳಿಸಿದಳು.

ಗಾಜು ಬಂತು, ಕೂರಿಸಿದರು. ಮರುದಿನ ನಾನು ಹೋದದ್ದು ಬೆಳಗ್ಗೆ ಹನ್ನೊಂದೂವರೆಗೆ. ಬೇಕಂತಲೇ. ಅಕ್ಕಪಕ್ಕದ ಹಳೇ ಹಲಗೆಗಳಲ್ಲಿ ಬಿಳಿ ಗೋಡೆ, ಕಿಟಕಿಗಳು, ಹಸಿರು ಬಟ್ಟೆ. ನಡುವೆ ಒಂದು ಚೌಕದಲ್ಲಿ ಏನೂ ಇಲ್ಲ, ಬರೀ ಪರದೆ. ಗಾಜು ತೆಗೆದುಬಿಟ್ಟಿದ್ದಾರೇನೋ ಅನ್ನಿಸುವಷ್ಟು.

ಮಾರಾಟ ಏರಿತಾ ಅಂತ ಕೇಳಬೇಡಿ. ಅದೇ ತಿಂಗಳು ಅವರ ಒಂದು ಆಫರ್ ಕೂಡ ಶುರುವಾಗಿತ್ತು, ಯಾವುದರಿಂದ ಎಷ್ಟು ಅಂತ ಬಿಡಿಸಲು ಆಗುವುದಿಲ್ಲ. ನಾನು ಮ್ಯಾನೇಜರ್ ಮೇಡಂ ಅವರನ್ನು ಕೇಳಿದ್ದು ಬೇರೆ: ಒಳಗೆ ಬಂದವರು ಪರದೆಯಲ್ಲಿ ಕಂಡದ್ದರ ಹೆಸರು ಹಿಡಿದು ಕೇಳುತ್ತಾರಾ? "ಮೊದಲು ಯಾರೂ ಕೇಳ್ತಿರಲಿಲ್ಲ. ಈಗ ಕೇಳ್ತಾರೆ, ಮಧ್ಯಾಹ್ನವೂ" ಅಂದರು. ನನಗೆ ಬೇಕಿದ್ದದ್ದು ಆ "ಮಧ್ಯಾಹ್ನವೂ."

ಆಮೇಲೆ ನನ್ನ ಕೆಲಸದಲ್ಲಿ ಬದಲಾದದ್ದು

ರಾತ್ರಿ ಸೈಟ್ ನೋಡುವುದು ನಿಲ್ಲಿಸಿದೆ. ಎದುರಿನ ಗೋಡೆ ಅತಿ ಹೆಚ್ಚು ಬೆಳಗುವ ಹೊತ್ತಿಗೆ ಹೋಗುತ್ತೇನೆ. ನೋಡುವವರು ನಿಲ್ಲುವ ಜಾಗದಲ್ಲಿ, ಕಣ್ಣಿನ ಎತ್ತರದಿಂದ, ಪರದೆ ಬರುವ ಜಾಗದ ಫೋಟೋ ತೆಗೆಯುತ್ತೇನೆ. ಆ ಫೋಟೋದಲ್ಲಿ ಏನು ಪ್ರತಿಬಿಂಬಿಸುತ್ತದೆಯೋ ಅದು ನಮ್ಮ ಎದುರಾಳಿ. ಸ್ಪೆಕ್ ಶೀಟ್ ತೆರೆಯುವುದು ಅದಾದ ಮೇಲೆ. ಕಾರಿನ ಡಿಕ್ಕಿಯಲ್ಲಿ ಒಂದು ಕಪ್ಪು ಕೊಡೆ, ಒಂದು ಪೋಲರೈಸ್ಡ್ ಕನ್ನಡಕ ಖಾಯಂ. ಕನ್ನಡಕ ಮಾಲೀಕರು ಕೊಟ್ಟದ್ದು, ಕೊಡೆ ನಾನು ವಾಪಸ್ ಮಾಡಲು ಮರೆತದ್ದು.

ಎಲ್ಲ ಕಡೆ ಇಂಥ ಕೋಟಿಂಗ್ ಇರುವ ಗಾಜು ಹಾಕಿಸಿ ಅಂತ ನಾನು ಹೇಳುವುದಿಲ್ಲ. ಇವರದೇ ಎರಡನೇ ಶಾಖೆ ನೋಡಿ. ಅಲ್ಲಿ ಡಬಲ್ ಗಾಜು. ನಾಲ್ಕು ಮೈ, ವಾಪಸ್ ಬರುವುದು ಶೇಕಡಾ 15ರ ಹತ್ತಿರ. ಕೇಳಿದರೆ ಇನ್ನೂ ಕೆಟ್ಟ ಜಾಗ ಅನ್ನಿಸುತ್ತದೆ. ಆದರೆ ಎದುರಿಗೆ ಸಾಲು ಮರ. ಎಲೆಗಳ ಕಡೆ ಮೀಟರ್ ಹಿಡಿದರೆ 1500 ನಿಟ್ಸ್, ಪ್ರತಿಬಿಂಬ 225 ಅಷ್ಟೇ. 700ರ ಪರದೆಗೆ 3.5 ಬಂತು. ದೊಡ್ಡ ಅಕ್ಷರಕ್ಕೆ ಧಾರಾಳ ಸಾಕು. ಗಾಜು ಮುಟ್ಟಲಿಲ್ಲ. ಮರದ ಎಲೆ ಉದುರುವ ಕಾಲದಲ್ಲಿ ಇನ್ನೊಮ್ಮೆ ಹೋಗಿ ಅಳೆಯಬೇಕು, ಅದು ಬಾಕಿ ಇದೆ.

ದೊಡ್ಡ ಶಾಖೆಯ ಆ ಒಂದು ಹಲಗೆಗೆ ಎರಡು ಕಾಟ ಉಳಿದಿವೆ. ಒಂದು, ಬೆರಳಚ್ಚು. ಸಾದಾ ಗಾಜಿನಲ್ಲಿ ಕಾಣದ ಗುರುತು ಇದರ ಮೇಲೆ ನೀಲಿ ಕಲೆಯಾಗಿ ಎದ್ದು ಕಾಣುತ್ತದೆ. ಅದಕ್ಕೆ ಅವರ ಹತ್ತಿರ ಮದ್ದಿದೆ, ಲೆನ್ಸ್ ಒರೆಸುವ ದ್ರಾವಣ ಮತ್ತು ಮೆತ್ತನೆ ಬಟ್ಟೆ. ಎರಡನೆಯದು, ಗಾಜು ಇದೆ ಅಂತಲೇ ಗೊತ್ತಾಗದಿರುವುದು. ಮೊದಲ ವಾರ ಒಬ್ಬರು ಫ್ರೇಮನ್ನು ಹತ್ತಿರದಿಂದ ನೋಡಲು ಬಗ್ಗಿ ಮೂಗು ಬಡಿದುಕೊಂಡರು. ಹಾಗಾಗಿ ಈಗ ಆ ಹಲಗೆಯ ಮೇಲೆ, ಪರದೆಗೆ ಸರಿಯಾಗಿ ಮುಂದೆ, ಒಂದು ಸಾಲು ಬಿಳಿ ಚುಕ್ಕಿಯ ಸ್ಟಿಕ್ಕರ್ ಅಂಟಿಸಿದ್ದಾರೆ.